ಕೊರೆಯದ ತೂತು

ಅಕ್ಟೋಬರ್ 6, ಭಾನುವಾರ

“ಕೈ ಮಾಡಿದ ವಸ್ತು ಕೈಯನ್ನು ಮರೆಯುತ್ತದೆ.”

ಹೀಗೇ ಇತ್ತೇ ಆ ಸಾಲು? ಎಂ.ಎ. ಓದುವಾಗ ಮೇಷ್ಟ್ರೊಬ್ಬರು ಕಿಟಕಿಯ ಕಡೆ ಮುಖ ಮಾಡಿ ಹೇಳಿದ್ದು. ಯಾರ ಪದ್ಯವೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮರೆಯುತ್ತದೆ ಎಂದರೋ, ಮರೆಯುವುದಿಲ್ಲ ಎಂದರೋ, ಇಪ್ಪತ್ತೈದು ವರ್ಷ ಕಳೆದ ಮೇಲೆ ಎರಡೂ ಒಂದೇ ದನಿಯಲ್ಲಿ ಕೇಳಿಸುತ್ತವೆ. ಮರೆಯುತ್ತದೆ ಎಂದಿದ್ದರೆ ಅದರಲ್ಲಿ ಹೇಳುವಂಥದ್ದೇನಿದೆ? ಅಮ್ಮ ಹೊಲಿದ ಕೌದಿ ಹೊದ್ದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅಮ್ಮನ ನೆನಪಿರುವುದು ನನಗೆ, ಕೌದಿಗಲ್ಲ.

ಸಾಲು ನೆನಪಾದದ್ದು ನೆಲಮಾಳಿಗೆಯಿಂದ ಬರುತ್ತಿದ್ದ ಅರದ ಸದ್ದಿಗೆ. ಅಣ್ಣ ವೆಂಡೆಲ್ ಕೆಲಸ ಮಾಡುತ್ತಿದ್ದಾನೆ. ಅವನು ನನ್ನ ಮನೆಗೆ ಬಂದು ಎರಡು ತಿಂಗಳಾಯಿತು. ವಸಂತದಲ್ಲಿ ಹೆಂಡತಿ ಜೋಆನ್ ತೀರಿಕೊಂಡ ಮೇಲೆ ಅವಳ ಜೊತೆ ಇದ್ದ ಮನೆಯಲ್ಲಿ ಇರಲಾರೆನೆಂದು ಎರಡು ಸೂಟ್‌ಕೇಸು, ಒಂದು ಉಪಕರಣದ ಪೆಟ್ಟಿಗೆ ಹಿಡಿದು ಬಂದ. ಆಗಸ್ಟ್ ಪೂರ್ತಿ ಅಡುಗೆಮನೆಯ ಮೇಜಿನ ಮುಂದೆ ಕೂತು ರಸ್ತೆ ನೋಡಿದ. ಬಡಿಸಿದರೆ ತಿಂದ, ಬಡಿಸದಿದ್ದರೆ ಹಸಿವೆಂದು ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ದಿನ, ನೆಲಮಾಳಿಗೆಯಲ್ಲಿ ಚಕಮಕಿ ಕೋವಿಯೊಂದನ್ನು ಕಟ್ಟಲೇ ಎಂದು ಕೇಳಿದ. ಅಜ್ಜ ಕಟ್ಟುತ್ತಿದ್ದಂಥದ್ದು: ಉದ್ದನೆಯ ನಳಿಗೆ, ಮೇಪಲ್ ಮರದ ಹಿಡಿ, ಬಾಯಿಂದ ಮದ್ದು ತುಂಬಿ ಕಲ್ಲಿನ ಕಿಡಿಯಿಂದ ಹೊತ್ತಿಸುವಂಥದ್ದು. ಕ್ರಿಸ್‌ಮಸ್ಸಿನ ಮರುದಿನ ಚಕಮಕಿ ಕೋವಿಯವರ ಜಿಂಕೆ ಬೇಟೆ ಶುರುವಾಗುತ್ತದೆ. ಆ ಬೆಳಿಗ್ಗೆ ಅದನ್ನು ಹಿಡಿದು ಅವನಿಗೆ ಗುಡ್ಡ ಹತ್ತಬೇಕಂತೆ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನು ಇಬ್ಬರು ಗೆಳೆಯರ ಜೊತೆ ಬೇಟೆಯವರ ಗುಡಿಸಲೊಂದರ ಬೀಗ ಒಡೆದು ಎರಡು ಕೋವಿ, ಒಂದು ರೇಡಿಯೊ ತಂದಿದ್ದ. ಹದಿನಾಲ್ಕು ತಿಂಗಳು ಜೈಲಿನ ಒಳಗಿದ್ದ. ಆಮೇಲಿನ ಮೂವತ್ಮೂರು ವರ್ಷ ಕಾನೂನಿನ ಪ್ರಕಾರ ಅವನು ಕೋವಿ ಮುಟ್ಟುವಂತಿರಲಿಲ್ಲ. ಪೆನ್ಸಿಲ್ವೇನಿಯದ ಈ ಕಣಿವೆಯಲ್ಲಿ ನವೆಂಬರ್ ಕೊನೆಗೆ ಜಿಂಕೆ ಬೇಟೆಗೆಂದು ಶಾಲೆಗೂ ರಜೆ, ಗಂಡಸರೆಲ್ಲ ಗುಡ್ಡದಲ್ಲಿ. ಅವನೊಬ್ಬ ತಾನು ಕೆಲಸ ಮಾಡುತ್ತಿದ್ದ ಖಾಲಿ ಸಾಮಿಲ್ಲಿಗೆ ಹೋಗಿ ನೆಲ ಗುಡಿಸಿ ಬರುತ್ತಿದ್ದ.

ಕಾನೂನು ಓದಿ ಹೇಳುವ ಕೆಲಸ ನನ್ನದು. ನಮ್ಮ ಮನೆಯಲ್ಲಿ ಓದಿದವಳು ನಾನೇ. ಕೇಂದ್ರದ ಕಾನೂನನ್ನು ಮೇಜಿನ ಮೇಲಿಟ್ಟು ಗಟ್ಟಿಯಾಗಿ ಓದಿದೆ: ಹಳೆಯ ಮಾದರಿಯ, ಬಾಯಿಂದ ಮದ್ದು ತುಂಬುವ ಇಂಥದ್ದು ಲೆಕ್ಕಕ್ಕೆ ಬಂದೂಕೇ ಅಲ್ಲ.

“ಅಂದ್ರೆ ಕೋವಿ ಅಲ್ವಾ?” ಎಂದ.

“ಅಲ್ಲ ಅಂತ ಸರ್ಕಾರವೇ ಬರೆದಿದೆ.”

“ಹಾಗಾದ್ರೆ ಜಿಂಕೆಗೆ ಏನಂತ ಹೇಳ್ಲಿ, ನೋರೀನ್?”

ಆರು ತಿಂಗಳಲ್ಲಿ ಅವನು ಆಡಿದ ಮೊದಲ ತಮಾಷೆ. ನನಗೂ ಖುಷಿಯಾಗಿತ್ತು. ಕೋವಿಯಾಗಿದ್ದೂ ಕೋವಿಯಲ್ಲದ್ದು. ಪದ್ಯದಲ್ಲಿ ಮಾತ್ರ ಇರಬಹುದಾದ ವಸ್ತು ನಮ್ಮ ನೆಲಮಾಳಿಗೆಯಲ್ಲಿ.

ಅಕ್ಟೋಬರ್ 14, ಸೋಮವಾರ

ಆರ್ಲೀನ್ ಸೇಬಿನ ಗೊಜ್ಜಿನ ಬಾಟಲಿ ಹಿಡಿದು ಬಂದರು. ಪಕ್ಕದ ಮನೆಯವರು, ಎಪ್ಪತ್ನಾಲ್ಕು ವರ್ಷ. ಚಿಕ್ಕಂದಿನಲ್ಲಿ ನಮ್ಮಿಬ್ಬರನ್ನೂ ತೊಡೆಯ ಮೇಲೆ ಕೂರಿಸಿಕೊಂಡವರು. ಬಾಟಲಿ ಕೊಟ್ಟು ಹೋಗುವವರಲ್ಲ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ನೆಲಮಾಳಿಗೆಗೇ ಹೋದರು.

ಮರ ಹುಲಿಪಟ್ಟೆಯ ಮೇಪಲ್. ಉಪ್ಪುಕಾಗದ ಉಜ್ಜಿದಷ್ಟೂ ಪಟ್ಟೆಗಳು ಒಳಗಿನಿಂದ ಎದ್ದು ಬರುತ್ತವೆ. ಚಕಮಕಿ ಯಂತ್ರವನ್ನು ಅವನು ಮರದೊಳಗೆ ಕೂರಿಸಿದ್ದಾನೆ, ಕೂದಲು ತೂರುವಷ್ಟೂ ಸಂದಿಲ್ಲ. ಕಲ್ಲು ಕಚ್ಚಿ ಹಿಡಿಯುವ ಭಾಗಕ್ಕೆ ಅವನು ಕೊಕ್ಕು ಎನ್ನುತ್ತಾನೆ, ನೋಡಲೂ ಹುಂಜದ ತಲೆಯ ಹಾಗೇ ಇದೆ. ನಮ್ಮಿಬ್ಬರ ಎದುರಿಗೆ ಅದನ್ನು ಒಂದು ಸಲ ಟಿಕ್ ಎಂದು ಎತ್ತಿದ, ಇನ್ನೊಂದು ಸಲ ಎತ್ತಿದ.

“ಅರ್ಧ ಎತ್ತಿದ್ರೆ ಮಲಗಿದೆ ಅಂತ ಲೆಕ್ಕ. ಪೂರ್ತಿ ಎತ್ತಿದ್ರೆ ಕಾಯ್ತಾ ಇದೆ ಅಂತ, ಬೆರಳು ತಾಗಿದ್ರೆ ಸಿಡಿಯತ್ತೆ. ನಿಮ್ಮಿಬ್ಬರಿಗೆ ಬೇರೇನೂ ಗೊತ್ತಿಲ್ಲದಿದ್ರೂ ಇದೊಂದು ಗೊತ್ತಿರ್ಲಿ.”

“ಇಷ್ಟು ಚೆಂದದ್ದರಿಂದ ಸತ್ತರೆ ಜಿಂಕೆಗೂ ಬೇಜಾರಾಗಲ್ಲ ಬಿಡು,” ಎಂದರು ಆರ್ಲೀನ್.

ಅವರು ಹೋದ ಮೇಲೆ ವೆಂಡೆಲ್ ಎರಡು ತುಂಡು ಬ್ರೆಡ್ಡಿಗೆ ಗೊಜ್ಜು ಹಚ್ಚಿ ತಿಂದ. ಯಾರೂ ಹೇಳದೆಯೇ.

ನಾನು ರಾತ್ರಿಯ ಊಟಕ್ಕೆ ಮುಂಚೆ ಒಂದು ಗಂಟೆ ಪದ್ಯ ಓದಿದೆ. ಕೆಳಗೆ ಅರದ ಸದ್ದು, ಮೇಲೆ ನನ್ನ ಪುಟ ಮಗುಚುವ ಸದ್ದು. ಇಂಥ ಸಂಜೆಗಳನ್ನು ಗುರುತು ಮಾಡಿಡಬೇಕು.

ಅಕ್ಟೋಬರ್ 23, ಬುಧವಾರ

ಹಿತ್ತಾಳೆ ತಿರುಪು ತರಲು ಮರ್ಲ್‌ನ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅವನೂ ಚಕಮಕಿ ಕೋವಿ ಕಟ್ಟುವವನೇ. ತಿರುಪುಗಳನ್ನು ಎಣಿಸಿ ಕೊಡುತ್ತ, ತಲೆಯೆತ್ತದೆ, ಕೆಲಸ ಹೇಗೆ ಸಾಗುತ್ತಿದೆ ಎಂದ. ಚೆನ್ನಾಗಿದೆ ಎಂದೆ. ಬೇರೆ ಗಿರಾಕಿ ಹೊರಹೋಗುವವರೆಗೂ ಸುಮ್ಮನಿದ್ದು ಕೇಳಿದ:

“ನೀನು ಓದಿದ್ದು ಕೇಂದ್ರದ್ದು ಅಂತ ವೆಂಡೆಲ್ ಹೇಳ್ದ. ನಮ್ಮ ಪೆನ್ಸಿಲ್ವೇನಿಯ ರಾಜ್ಯದ್ದು ಓದಿದ್ಯಾ?”

ಮನೆಗೆ ಬಂದವಳು ಕೋಟು ಕಳಚದೆ ಓದಿದೆ. ಮೊದಲು ನಾನು ನೆಮ್ಮದಿಯಾಗುವಂತೆಯೇ ಬರೆದಿದ್ದಾರೆ: ಹಳೆಯ ಮಾದರಿಯ ಕೋವಿಗಳಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಅದರ ಕೆಳಗೆ ಒಂದು ಅಪವಾದ. ಶಿಕ್ಷೆಯಾದವರು ಕೋವಿ ಇಟ್ಟುಕೊಳ್ಳಬಾರದೆಂಬ ನಿಯಮ ಮಾತ್ರ ಇವಕ್ಕೂ ಅನ್ವಯಿಸುತ್ತದೆ, ಅವು ಬಳಕೆಗೆ ಯೋಗ್ಯವಾಗಿದ್ದರೆ.

ಬಳಕೆಗೆ ಯೋಗ್ಯವಾಗಿದ್ದರೆ.

ಕಾಲೇಜಿನಲ್ಲಿ ಮಕ್ಕಳಿಗೆ ನಾನು ವರ್ಷಗಟ್ಟಲೆ ಹೇಳುವುದು ಒಂದೇ: ಪುಟದ ಕೊನೆಯವರೆಗೂ ಓದಿ. ನಾನೇ ಅರ್ಧ ಓದಿ ನನ್ನ ಅಣ್ಣನಿಗೆ ಹೇಳಿದ್ದೇನೆ. ಅವನು ಇನ್ನೊಂದು ಸಲ ಒಳಗೆ ಹೋದರೆ ಹೊರಗೆ ಬರುವ ವಯಸ್ಸಲ್ಲ.

ಅಕ್ಟೋಬರ್ 24

ಹೇಳಲಿಲ್ಲ. ಅವನು ಊಟಕ್ಕೆ ಕೂತಾಗ ಶಿಳ್ಳೆ ಹಾಕುತ್ತಿದ್ದ.

ಅಕ್ಟೋಬರ್ 28

ಹೇಳಲಿಲ್ಲ.

ನವೆಂಬರ್ 1, ಶುಕ್ರವಾರ

ಹೇಳಲು ಒಂಬತ್ತು ದಿನ ಬೇಕಾಯಿತು. ಬೈಯುತ್ತಾನೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಉಳಿಯನ್ನು ಒರೆಸಿ ಅದರ ಜಾಗಕ್ಕಿಟ್ಟು, ಸ್ಟೂಲಿನ ಮೇಲೆ ಕೂತ. ಆಮೇಲೆ ನಳಿಗೆಯ ಬದಿಯಲ್ಲಿ ಪೆನ್ಸಿಲಿನಿಂದ ಮಾಡಿದ್ದ ಒಂದು ಚುಕ್ಕೆ ತೋರಿಸಿದ.

ಅಲ್ಲಿ ಸೂಜಿ ಗಾತ್ರದ ಒಂದು ತೂತು ಬೇಕು. ಹೊರಗಿನ ಬಟ್ಟಲಲ್ಲಿ ಹೊತ್ತಿದ ಕಿಡಿ ಅದರ ಮೂಲಕ ಒಳಗಿನ ಮದ್ದಿಗೆ ದಾಟುತ್ತದೆ. ಕೋವಿ ಕಟ್ಟುವವರು ಅದನ್ನು ಎಲ್ಲಕ್ಕಿಂತ ಕೊನೆಗೆ ಕೊರೆಯುತ್ತಾರೆ. ಅದಿಲ್ಲದೆ ಇದು ಒಂದು ಕಡೆ ಮುಚ್ಚಿದ ಕೊಳವೆ, ಅಷ್ಟೆ.

“ಇದೊಂದು ಬಿಟ್ಟು ಎಲ್ಲ ಮಾಡ್ತೀನಿ,” ಎಂದ. “ತೂತಿಲ್ಲದಿದ್ರೆ ಬಳಕೆಗೆ ಯೋಗ್ಯ ಅಲ್ವಲ್ಲ.”

“ಮತ್ತೆ ಗುಡ್ಡ?”

“ಗುಡ್ಡ ಎಲ್ಲಿಗೂ ಹೋಗಲ್ಲ ಕಣೇ. ಬರಿಗೈಲಿ ಹತ್ತೋಕೆ ಯಾರ ಅಪ್ಪಣೆ ಬೇಕು?”

ನಾನು ಮೇಲೆ ಬಂದು ಅತ್ತೆ. ಅವನು ಕೆಳಗೆ ಮತ್ತೆ ಉಪ್ಪುಕಾಗದ ಉಜ್ಜುತ್ತಿದ್ದ.

ನವೆಂಬರ್ 7, ಗುರುವಾರ

ಖಾತ್ರಿ ಮಾಡಿಕೊಳ್ಳದೆ ಇರಲಾರದೆ ಜಿಲ್ಲಾ ಕೇಂದ್ರದಲ್ಲಿ ವಕೀಲೆ ಕ್ರೈಡರ್ ಅವರನ್ನು ಕಂಡೆ. ನನಗಿಂತ ಚಿಕ್ಕವರು. ಹೆಸರು ಹೇಳದೆ, ಪರಿಚಯದವರೊಬ್ಬರ ವಿಷಯ ಎಂದೆ. ಅವರು ಬರೆದುಕೊಳ್ಳಲೂ ಇಲ್ಲ.

“ಆ ತೂತು ಕೊರೆಯೋಕೆ ಎಷ್ಟು ಹೊತ್ತು ಬೇಕು?”

“ಐದು ನಿಮಿಷ.”

“ಹಾಗಾದ್ರೆ ಅದು ಕೋವಿಯೇ ಅಂತ ವಾದ ಮಾಡೋಕೂ ಐದೇ ನಿಮಿಷ ಸಾಕು, ಮೇಡಂ. ಸುಲಭವಾಗಿ ಕೋವಿ ಮಾಡಬಹುದಾದ್ದನ್ನೂ ಕಾನೂನು ಕೋವಿ ಅಂತಲೇ ನೋಡಬಹುದು. ನಿಮ್ಮ ಪರಿಚಯದವರು ಅದನ್ನ ಮುಟ್ಟೋದೇ ಬೇಡ.”

ಸದ್ಯಕ್ಕೆ ಬೀಗ ಹಾಕಿ, ಬೀಗದ ಕೈ ಅವರ ಕೈಗೆ ಸಿಗದಂತಿರಲಿ, ಆದಷ್ಟು ಬೇಗ ಅದನ್ನು ಮನೆಯಿಂದ ಆಚೆ ಕಳಿಸಿ ಎಂದರು. ಎದ್ದು ನಿಂತ ಮೇಲೆ ಮತ್ತೊಮ್ಮೆ ಹೇಳಿದರು: ಒಂದೇ ಸೂರಿನ ಕೆಳಗೆ ಎರಡೂ ಬೇಡ.

ಬರುವ ದಾರಿಯಲ್ಲಿ ಬೀಗ ಕೊಂಡೆ. ಮರ್ಲ್‌ನ ಅಂಗಡಿಯಲ್ಲಿ ಅಲ್ಲ.

ನವೆಂಬರ್ 10, ಭಾನುವಾರ

ಅಣ್ಣನ ಜೊತೆ ಒಂದು ಒಪ್ಪಂದವಾಗಿದೆ. ನೆಲಮಾಳಿಗೆಯ ಬಾಗಿಲಿಗೆ ಬೀಗ. ಬೀಗದ ಕೈ ನನ್ನ ಕೊರಳಲ್ಲಿ. ದಿನಕ್ಕೆ ಒಂದು ಗಂಟೆ, ನಾನು ಸ್ಟೂಲಿನ ಮೇಲೆ ಕೂತಿರುವಾಗ, ಅವನು ಕೆಲಸ ಮಾಡಬಹುದು. ವಕೀಲೆ ಒಪ್ಪುತ್ತಿರಲಿಲ್ಲ. ಆದರೆ ಅವನ ಮುಖ ಅವರು ನೋಡಿಲ್ಲ.

ವಿಷಯ ತಿಳಿದ ಆರ್ಲೀನ್ ತಮ್ಮ ಅಟ್ಟದಲ್ಲಿಟ್ಟುಕೊಳ್ಳುತ್ತೇನೆ ಎಂದರು. ಅವರ ಅಟ್ಟ ಸೋರುತ್ತದೆ. ಎರಡು ತಿಂಗಳ ಕೆಲಸಕ್ಕೆ ಒಂದು ವಾರದಲ್ಲಿ ತುಕ್ಕು ಹಿಡಿಯುತ್ತದೆ. ಬೇಡವೆಂದೆ.

ನವೆಂಬರ್ 19, ಮಂಗಳವಾರ

ಬೇಟೆ ಕಾವಲಿನ ಸರ್ಕಾರಿ ಜನರ ಹಸಿರು ಟ್ರಕ್ಕು ಇವತ್ತು ಎರಡು ಸಲ ಹೋಯಿತು. ಒಮ್ಮೆ ನಮ್ಮ ಅಂಚೆ ಡಬ್ಬಿಯ ಹತ್ತಿರ ನಿಧಾನವಾಯಿತು. ವೆಂಡೆಲ್ ಹೇಳುವ ಪ್ರಕಾರ ನವೆಂಬರಿನಲ್ಲಿ ಎಲ್ಲರ ಡಬ್ಬಿಯ ಹತ್ತಿರವೂ ನಿಧಾನವಾಗುತ್ತದೆ, ಅಲ್ಲಿ ತಿರುವಿದೆ.

ಕೋವಿ ಕಟ್ಟಿದವನು ನಳಿಗೆಯ ಮೇಲ್ಮುಖದಲ್ಲಿ ತನ್ನ ಹೆಸರು ಕೆತ್ತುವುದು ಇಲ್ಲಿಯ ರೂಢಿ. ಅಜ್ಜನ ಕೋವಿಯ ಮೇಲೂ ಬಳ್ಳಿಯಂಥ ಅಕ್ಷರಗಳಿದ್ದವು. ವೆಂಡೆಲ್ ಕೆತ್ತುವ ಮೊಳೆಯನ್ನು ನಳಿಗೆಯ ಮೇಲಿಟ್ಟುಕೊಂಡು ನನ್ನ ಕಡೆ ನೋಡಿದ. ಬೇಡ ಎಂದೆ. ಹೆಸರು ಕೆತ್ತಿದರೆ ಅದೇ ಸಾಕ್ಷಿ.

“ಒಂದು ಅಕ್ಷರ?”

“ಒಂದೂ ಬೇಡ, ವೆಂಡೆಲ್.”

ಅವನು ಮೊಳೆಯನ್ನು ಪೆಟ್ಟಿಗೆಗೆ ಹಾಕಿದ. ಆ ಸಾಲಿನಲ್ಲಿ ಇದ್ದದ್ದು ‘ಮರೆಯುತ್ತದೆ’ ಎಂದೇ ಇರಬೇಕು. ಹಾಗಿದ್ದರೇ ಒಳ್ಳೆಯದು.

ಗಂಟೆ ಮುಗಿಯಿತು ಎಂದು ನಾನು ಹೇಳುವ ಮೊದಲೇ ಎದ್ದು ಹೋದ. ಇನ್ನೂ ಹನ್ನೊಂದು ನಿಮಿಷವಿತ್ತು.

ನವೆಂಬರ್ 30, ಶನಿವಾರ

ಸಾಧಾರಣ ಕೋವಿಯವರ ಜಿಂಕೆ ಬೇಟೆಯ ಮೊದಲ ದಿನ. ಬೆಳಗಿನಿಂದ ಗುಡ್ಡದಲ್ಲಿ ಢಂ, ಢಂ. ವೆಂಡೆಲ್ ಜಗಲಿಯಲ್ಲಿ ಕಾಫಿ ಹಿಡಿದು ಕೂತು, ಇದು ಇಂಥವರದು, ಅದು ಇಂಥವರದು ಎಂದು ಸದ್ದಿನಲ್ಲೇ ಗುರುತು ಹೇಳುತ್ತಿದ್ದ. ನನಗೆ ಮಾತ್ರ ಪ್ರತಿ ಸದ್ದೂ ಮನೆಯ ಒಳಗಿನಿಂದ ಬಂದಂತೆ ಕೇಳಿಸಿತು. ಮೂರು ಸಲ ನೆಲಮಾಳಿಗೆಗೆ ಇಳಿದೆ.

ಹೊಲಿಗೆಯ ಸೂಜಿಯೊಂದನ್ನು ಅಲ್ಲಿ ಇಟ್ಟಿದ್ದೇನೆ. ಪೆನ್ಸಿಲಿನ ಚುಕ್ಕೆಯ ಮೇಲೆ ಅದರ ಮೊನೆ ಒತ್ತಿ ನೋಡುತ್ತೇನೆ. ಕಬ್ಬಿಣ ತಡೆದರೆ ಸರಿ.

ತಡೆಯಿತು. ಮೂರು ಸಲವೂ.

ಡಿಸೆಂಬರ್ 4, ಬುಧವಾರ

ನೆಲಮಾಳಿಗೆಯ ಮೇಜಿನ ಕೆಳಗೆ ಲೋಹದ ಒಂದು ಸುರುಳಿ ಸಿಕ್ಕಿತು. ಉಗುರಿನಷ್ಟು ತೆಳ್ಳಗೆ, ಹೊಳೆಯುತ್ತಿತ್ತು. ಡ್ರಿಲ್ಲಿನಿಂದ ಬರುವ ಸುರುಳಿಯ ಹಾಗೇ. ಅಂಗೈಯಲ್ಲಿಟ್ಟುಕೊಂಡು ಮೇಲೆ ಹೋಗಿ ಅವನ ತಟ್ಟೆಯ ಪಕ್ಕ ಇಟ್ಟೆ. ಇದೇನೆಂದು ಕೇಳಿದೆ.

ಅವನು ಕನ್ನಡಕ ಹಾಕಿಕೊಂಡು ನೋಡಿದ. “ಹಿತ್ತಾಳೆ. ಮೊನ್ನೆ ನೀನು ಎದುರಿಗೆ ಕೂತಿದ್ದಾಗಲೇ ತಿರುಪಿನ ತಲೆ ತೆಗೆದಿದ್ದು.”

ಬೆಳಕಿಗೆ ಹಿಡಿದರೆ ಹಳದಿಯೇ. ಆದರೂ ಕೆಳಗೆ ಹೋಗಿ ಸೂಜಿ ಒತ್ತಿ ಬಂದೆ.

“ಜೈಲಲ್ಲೂ ನಮ್ಮ ಮೇಲೆ ಕಾವಲಿಗೆ ಒಬ್ಬ ಇದ್ದ,” ಎಂದ, ನಾನು ವಾಪಸ್ ಬಂದು ಕೂತ ಮೇಲೆ. “ಒಳ್ಳೆಯವನು. ತಟ್ಟೆ ಎಣಿಸೋವಾಗ ಸಾರಿ ಅಂತಿದ್ದ.”

ಅವನಿಗೋಸ್ಕರ ಮಾಡುತ್ತಿರುವುದನ್ನು ಅವನು ಅರ್ಥ ಮಾಡಿಕೊಳ್ಳುವುದಿಲ್ಲ. ನಾಳೆಯಿಂದ ಆ ಒಂದು ಗಂಟೆಯೂ ಬೇಡ. ಉಳಿದಿರುವುದು ಎಣ್ಣೆ ಹಚ್ಚುವುದು, ಅದು ನನ್ನಿಂದಲೂ ಆಗುತ್ತದೆ.

ಡಿಸೆಂಬರ್ 9, ಸೋಮವಾರ

ಅಗಸೆ ಎಣ್ಣೆಯ ಐದನೆಯ ಪದರ. ಅಂಗೈಯಿಂದಲೇ ಉಜ್ಜಬೇಕು, ಬಿಸಿಯಾಗುವವರೆಗೆ. ಅವನು ಅಡುಗೆಮನೆಯಲ್ಲಿ, ಮೆಟ್ಟಿಲ ತಲೆಯಲ್ಲಿ ಕೂತು ಹೇಳುತ್ತಾನೆ, ನಾನು ಕೆಳಗೆ ಮಾಡುತ್ತೇನೆ. ಹುಲಿಪಟ್ಟೆಗಳು ಈಗ ನೀರಿನೊಳಗೆ ಚಲಿಸಿದಂತೆ ಕಾಣುತ್ತವೆ. ಭುಜಕ್ಕೆ ಒರಗಿಸಿದರೆ ಕೆನ್ನೆ ಕೂರುವ ಜಾಗ ನನ್ನ ಕೆನ್ನೆಗೇ ಅಳತೆ ತೆಗೆದಂತಿದೆ. ಅವನ ಮುಖವೂ ನನ್ನದೂ ಒಂದೇ ಅಚ್ಚು ಎಂದು ಅಮ್ಮ ಹೇಳುತ್ತಿದ್ದಳು.

ಕಾಲೇಜಿನಿಂದ ಫೋನು ಬಂದಿತ್ತು. ಕಳೆದ ವಾರ ಎರಡು ತರಗತಿ ತಪ್ಪಿಸಿದ್ದೇನಂತೆ. ಒಂದೇ ಎಂದು ನನ್ನ ನೆನಪು.

ಹಸಿರು ಟ್ರಕ್ಕು: ಇವತ್ತು ಇಲ್ಲ. ಬಿಳಿ ವ್ಯಾನೊಂದು ಆರ್ಲೀನ್ ಮನೆಯ ಮುಂದೆ ಹತ್ತು ನಿಮಿಷ ನಿಂತಿತ್ತು.

ಡಿಸೆಂಬರ್ 15, ಭಾನುವಾರ

ಯೋಚಿಸಿ ಯೋಚಿಸಿ ಒಂದು ವಿಷಯ ಸ್ಪಷ್ಟವಾಯಿತು. ಇಷ್ಟು ದಿನ ನಾವು ಹೆದರಿದ್ದು ಇದು ಅವನದಾಗಿದ್ದಕ್ಕೆ. ನನ್ನ ಮೇಲೆ ಯಾವ ಕೇಸೂ ಇಲ್ಲ. ಇದು ನನ್ನದಾದರೆ ಕೊರೆಯಲೂ ಅಡ್ಡಿಯಿಲ್ಲ, ಇಟ್ಟುಕೊಳ್ಳಲೂ ಅಡ್ಡಿಯಿಲ್ಲ. ಅರ್ಧ ಮಾಡಿ ಬಿಟ್ಟ ವಸ್ತುವಿನಲ್ಲೇ ಅನುಮಾನ ಇರುವುದು. ಪೂರ್ತಿಯಾದರೆ ಎಲ್ಲ ನೇರ.

ವೆಂಡೆಲ್‌ಗೆ ಹೇಳಿದೆ. ತಾನು ಕೆಳಗೆ ಬರುವುದಿಲ್ಲ, ಮೆಟ್ಟಿಲ ಮೇಲಿಂದ ಹೇಳುತ್ತೇನೆ ಎಂದ.

ನಾನು ಮೇಜಿನ ಇಕ್ಕಳದಂಥ ವೈಸಿಗೆ ನಳಿಗೆ ಕಚ್ಚಿಸಿದೆ. ಚುಕ್ಕೆಯ ಮೇಲೆ ಡ್ರಿಲ್ಲು. ಅವನಿಗೆ ಏನೂ ಕಾಣಿಸುತ್ತಿರಲಿಲ್ಲ, ಸದ್ದು ಮಾತ್ರ.

“ಒತ್ತಬೇಡ. ಅದರ ಪಾಡಿಗೆ ಅದು ಹೋಗ್ಲಿ.” ಸ್ವಲ್ಪ ತಡೆದು, “ಎಣ್ಣೆ ಬಿಡು.” ಮತ್ತೆ, “ಈಗ ದನಿ ಬದಲಾಗತ್ತೆ ನೋಡು.”

ಬದಲಾಯಿತು. ಕೀರಲು ದನಿ ತಗ್ಗಿ, ಒಂದು ಉಸಿರು ಬಿಟ್ಟಂತಾಗಿ, ಕೈ ಹಗುರವಾಯಿತು. ಸೂಜಿ ತೂರಿಸಿದೆ. ಕಬ್ಬಿಣ ತಡೆಯಲಿಲ್ಲ.

ಮೇಲೆ ಬಂದಾಗ ಅವನು ಮೆಟ್ಟಿಲಲ್ಲಿ ಇರಲಿಲ್ಲ. ಸಿಂಕಿನ ಮುಂದೆ ನಿಂತು ಕೈ ತೊಳೆಯುತ್ತಿದ್ದ. ಅವನ ಕೈಯಲ್ಲಿ ಕೊಳೆ ಏನೂ ಇರಲಿಲ್ಲ.

ಡಿಸೆಂಬರ್ 16, ಸೋಮವಾರ

ವಕೀಲೆ ಹೇಳಿದ್ದು ಸರಿಯೇ. ಒಂದೇ ಸೂರಿನ ಕೆಳಗೆ ಎರಡೂ ಬೇಡ. ಈಗಂತೂ ಅದು ನಿಜವಾದ ಕೋವಿ. ಯಾರಾದರೂ ಬಂದು ನೋಡಿದರೆ ನನ್ನದೆಂದು ನಾನು ಹೇಳಿದರೂ ಅವನನ್ನೇ ಹಿಡಿಯುತ್ತಾರೆ. ಆರ್ಲೀನ್ ಅವರ ಹಿಂದಿನ ಕೋಣೆ ಖಾಲಿ ಇದೆ. ಅವರಿಗೂ ಒಂದು ಜೊತೆಯಾಗುತ್ತದೆ. ಇದನ್ನೆಲ್ಲ ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ ಅವನಿಗೆ ಸಮಾಧಾನವಾಗಿ ವಿವರಿಸಿದೆ.

ಅವನು ಎರಡು ಸೂಟ್‌ಕೇಸು ತುಂಬಿಕೊಂಡ. ಉಪಕರಣದ ಪೆಟ್ಟಿಗೆ ಬಿಟ್ಟುಹೋದ, ಇನ್ನು ಅದು ನಿನಗೇ ಬೇಕಾಗತ್ತೆ ಎಂದ. ಬಾಗಿಲಲ್ಲಿ ನಿಂತು, ಟೋಪಿಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತ ಒಂದು ಮಾತು ಹೇಳಿದ.

“ಅದನ್ನೇ ಕಳಿಸಬಹುದಿತ್ತಲ್ಲ, ನೋರೀನ್.”

ಎಲ್ಲಿಗೆ ಕಳಿಸುವುದು? ಆರ್ಲೀನ್ ಅವರ ಅಟ್ಟ ಸೋರುತ್ತದೆ ಎಂದು ಅವನಿಗೂ ಗೊತ್ತು.

ಡಿಸೆಂಬರ್ 18

ಮನೆಯ ಹಿಂದೆ, ಸೌದೆ ರಾಶಿಗೆ ಒಂದು ಗುಂಡು. ಬಟ್ಟಲಲ್ಲಿ ಬೆಳಕು, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಎಲ್ಲ. ಭುಜ ನೀಲಿಗಟ್ಟಿದೆ.

ಬಳಕೆಗೆ ಯೋಗ್ಯ.

ಡಿಸೆಂಬರ್ 21, ಶನಿವಾರ

ನೆಲಮಾಳಿಗೆಯ ತೇವ ಅದಕ್ಕೆ ಒಳ್ಳೆಯದಲ್ಲ. ಮುಂದಿನ ಕೋಣೆಗೆ ತಂದೆ. ಕಿಟಕಿಯ ಪಕ್ಕದ ಮೇಜು ಸ್ವಲ್ಪ ತಗ್ಗು. ನಳಿಗೆಯ ಕೆಳಗೆ ಎರಡು ಪದ್ಯಸಂಗ್ರಹ ಇಟ್ಟ ಮೇಲೆ ಎತ್ತರ ಸರಿಹೋಯಿತು. ಗುಂಡಿಗೆ ಸುತ್ತುವ ಬಟ್ಟೆ ಮುಗಿದಿತ್ತು. ಕೌದಿಯ ಒಂದು ಮೂಲೆ ಹರಿದೇ ಇತ್ತು, ಅದರಲ್ಲಿ ಕತ್ತರಿಸಿಕೊಂಡೆ. ಹತ್ತಿ, ಒಳ್ಳೆಯ ನೇಯ್ಗೆ.

ಟ್ರಕ್ಕು ಒಂದು. ವ್ಯಾನು ಒಂದು. ಅಂಚೆಯವನು ಜಗಲಿಯವರೆಗೂ ಬಂದ. ನಾನು ಬಾಗಿಲು ತೆರೆಯಲಿಲ್ಲ, ಅವನು ಸ್ವಲ್ಪ ಹೊತ್ತು ನಿಂತು, ಪೊಟ್ಟಣ ಇಟ್ಟು, ಹೋಗುವಾಗ ಎರಡು ಸಲ ತಿರುಗಿ ನೋಡಿದ.

ಡಿಸೆಂಬರ್ 25

ಆರ್ಲೀನ್ ಊಟಕ್ಕೆ ಕರೆದಿದ್ದರು. ಮನೆ ಬಿಟ್ಟು ಹೋಗುವ ಹಾಗಿಲ್ಲ. ಅದನ್ನು ಒಂಟಿಯಾಗಿ ಬಿಟ್ಟರೆ ಯಾರಾದರೂ ಬೀಗ ಒಡೆದಾರು.

ಡಿಸೆಂಬರ್ 26, ಗುರುವಾರ

ಬೆಳಿಗ್ಗೆ ಹಿಮ. ಗುಡ್ಡದ ಕಡೆ ಹೋಗುವ ಹೊಲದಂಚಿನಲ್ಲಿ ಒಬ್ಬ ಗಂಡಸು. ಕಿತ್ತಳೆ ಬಣ್ಣದ ಟೋಪಿ. ಈ ಕಡೆಯಿಂದ ಯಾರೂ ಹತ್ತುವುದಿಲ್ಲ. ದೂರದ್ದು ಸರಿಯಾಗಿ ಕಾಣಬೇಕಾದರೆ ಒಂದು ಕಣ್ಣು ಮುಚ್ಚಿ, ನಳಿಗೆಯ ತುದಿಯ ಬೆಳ್ಳಿ ಚುಕ್ಕೆಯ ಮೇಲಿಂದ ನೋಡಬೇಕು. ಆಗ ಬೇರೆಲ್ಲ ಮಸುಕಾಗಿ ಅದೊಂದೇ ಉಳಿಯುತ್ತದೆ. ಹಾಗೆ ಬಹಳ ಹೊತ್ತು ನೋಡಿದೆ. ನಡಿಗೆ ಗುರುತಾಯಿತು, ಎಡಗಾಲು ಸ್ವಲ್ಪ ಎಳೆಯುವುದು. ವೆಂಡೆಲ್. ಬರಿಗೈ. ಅರ್ಧ ದಾರಿಯಲ್ಲಿ ನಿಂತು ಮನೆಯ ಕಡೆ ತಿರುಗಿದ. ಕೈ ಎತ್ತಿದ. ಆಮೇಲೆ ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತ, ಇಳಿಸಲಿಲ್ಲ. ಏಕೆಂದು ತಿಳಿಯಲಿಲ್ಲ.

ನಾನು ನಳಿಗೆ ಇಳಿಸಿದ ಮೇಲೆ ಅವನೂ ಕೈ ಇಳಿಸಿದ.

ಡಿಸೆಂಬರ್ 29

ಟ್ರಕ್ಕು ಎರಡು.

ಡಿಸೆಂಬರ್ 30

ಮೂರು. ಒಂದು ನಿಂತಿತು.

ಜನವರಿ 1, ಬುಧವಾರ

ಬೆಳಗಿನಿಂದಲೂ ಹಂದಿಮಾಂಸ ಮತ್ತು ಹುಳಿ ಎಲೆಕೋಸಿನ ವಾಸನೆ ಆರ್ಲೀನ್ ಮನೆಯಿಂದ ಬರುತ್ತಿತ್ತು. ಹೊಸ ವರ್ಷದ ದಿನ ಅದನ್ನು ತಿನ್ನದೆ ಇರಬಾರದೆಂದು ಅಮ್ಮನ ಶಾಸ್ತ್ರ. ಎಷ್ಟೇ ಜಗಳವಾಡಿ ಕೂತಿದ್ದರೂ ವೆಂಡೆಲ್ ಮತ್ತು ನಾನು ಆವತ್ತು ಒಂದೇ ಮೇಜಿಗೆ ಬರಬೇಕಿತ್ತು. ಅಡುಗೆಮನೆಯಲ್ಲಿ ಬ್ರೆಡ್ಡು ಮಾತ್ರ ಇದೆ. ಅಂಗಡಿಗೆ ಹೋಗಿ ಬಹಳ ದಿನವಾಯಿತು.

ಹನ್ನೆರಡು ದಾಟಿದ ಮೇಲೆ ಕಾರೊಂದು ನಮ್ಮ ಅಂಗಳಕ್ಕೆ ತಿರುಗಿತು. ಇಂಜಿನ್ ಆರಿಸಿದರು. ಒಂದು ಬಾಗಿಲು ತೆರೆದು ಮುಚ್ಚಿದ ಸದ್ದು, ಎರಡನೆಯದು ತೆರೆಯಲಿಲ್ಲ. ಅಂದರೆ ಒಳಗೆ ಇನ್ನೊಬ್ಬರು ಇದ್ದಾರೆ. ಜಗಲಿಯ ಮೂರು ಮೆಟ್ಟಿಲು, ಒಂದೊಂದಕ್ಕೂ ನಿಂತು ನಿಂತು ಹತ್ತಿದ ಹೆಜ್ಜೆ. ಬಡಿದರು. ಮತ್ತೆ ಬಡಿದರು. ತೆರೆಯದಿದ್ದರೆ ಒಡೆಯುತ್ತಾರೇನೋ ಎಂದು ಎದ್ದು ಹೋದೆ. ಚಿಲಕ ಬಿಗಿಯಾಗಿತ್ತು, ಎಡಗೈ ಮಾತ್ರ ಖಾಲಿ ಇದ್ದುದರಿಂದ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಆರ್ಲೀನ್. ಹಿಮದಲ್ಲಿ ಆ ಮೊಣಕಾಲಿಗೆ ಪಕ್ಕದ ಮನೆಯಿಂದಲೂ ಕಾರೇ ಬೇಕು. ಎರಡೂ ಕೈಯಲ್ಲಿ ಟವೆಲ್ಲು ಸುತ್ತಿದ ಪಾತ್ರೆ, ಮುಚ್ಚಳದ ಸಂದಿನಿಂದ ಹಬೆ. ಅವರ ಬೆನ್ನ ಹಿಂದೆ, ಕಾರಿನ ಗಾಜಿನಾಚೆ, ಕಿತ್ತಳೆ ಬಣ್ಣದ ಟೋಪಿ. ಹೊಸ ವರ್ಷದ ಶುಭಾಶಯ ಎಂದೆ. ಅವರು ನನ್ನ ಮುಖ ನೋಡಲಿಲ್ಲ. ಅವರ ಕಣ್ಣು ನನ್ನ ಸೊಂಟದ ಹತ್ತಿರ ಎಲ್ಲೋ ನಿಂತಿತ್ತು. ಚಿಕ್ಕವಳಿದ್ದಾಗ ನನಗೆ ಜ್ವರ ಬಂದರೆ ಮಾತಾಡಿಸುತ್ತಿದ್ದ ದನಿಯಲ್ಲಿ, ಬಹಳ ಮೆಲ್ಲಗೆ, ಒಂದು ಹೆಜ್ಜೆಯನ್ನೂ ಹಿಂದಿಡದೆ ಅವರು ಹೇಳಿದರು:

“ನಾನು ಕಣೆ, ಆರ್ಲೀನ್. ನಿಮ್ಮಣ್ಣ ಕಾರಲ್ಲಿ ಕೂತಿದ್ದಾನೆ, ನಿನ್ನ ಜೊತೆ ಊಟ ಮಾಡ್ಬೇಕಂತೆ. ಅದನ್ನ ಆ ಕಡೆ ತಿರುಗಿಸು, ನನ್ನ ತಾಯಿ. ಕೊಕ್ಕು ಪೂರ್ತಿ ಎತ್ತಿದೆ.”